ಇತ್ಸಿಂಗನ ಗಂಟು: ಏಳನೆಯ ಶತಮಾನದ ಸಮುದ್ರಯಾತ್ರಿಕರ ಪರಿಕರಗಳೂ ದೇಹರಕ್ಷಣೆಯ ವಿಧಿಗಳೂ

ಪ್ರಾಚೀನ ಭಾರತದ ಇತಿಹಾಸವನ್ನು ನಿರ್ಣಯಿಸುವುದರಲ್ಲಿ ಚೀನದೇಶದ ಬೌದ್ಧಯಾತ್ರಿಕರ ಬರೆಹಗಳು ಎಷ್ಟರ ಮಟ್ಟಿಗೆ ಆಧಾರವಾಗಿವೆಯೆಂಬುದು ವಿದ್ವಾಂಸರಿಗೆಲ್ಲ ವಿದಿತವಾದ ವಿಷಯವೇ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದ ಹ್ಯುಯೆನ್‌ತ್ಸಾಂಗನ ಹೆಸರು ಕನ್ನಡಿಗರಿಗೆ ಸುಪರಿಚಿತವಾಗಿದೆ. ಆತನ ತರುವಾಯ ಬಂದ ಇತ್ಸಿಂಗನನ್ನು ವ್ಯಾಕರಣಶಾಸ್ತ್ರದ ಚರಿತ್ರೆಯನ್ನು ಓದಿದವರು ಬಲ್ಲರು. ಪಾಣಿನೀಯದ ಅಭ್ಯಾಸಕ್ರಮ, ಕಾಶಿಕಾವೃತ್ತಿ, ಭರ್ತೃಹರಿಯ ಕಾಲ ಇವುಗಳ ಚರ್ಚೆಯಲ್ಲಿ ಆತನ ಮಾತು ಬಾರದೆ ಇರುವುದಿಲ್ಲ. ಆದರೆ ವ್ಯಾಕರಣದ ಆ ವಿಚಾರವೆಲ್ಲ ಇರುವುದು ಆತನ ಗ್ರಂಥದ ೪೦ ಅಧ್ಯಾಯಗಳಲ್ಲಿ ೩೪ನೆಯದೊಂದರಲ್ಲಿ ಮಾತ್ರ. ಉಳಿದವುಗಳಲ್ಲಿ ಬಹುಭಾಗವು ನೀರನ್ನು ಸೋಸುವುದು, ಹಲ್ಲನ್ನು ಉಜ್ಜುವುದು, ಸ್ನಾನ ಮಾಡುವುದು, ನಡೆದಾಡುವುದು, ರೋಗದ ಲಕ್ಷಣಗಳನ್ನು ಅರಿಯುವುದು, ಎಷ್ಟು ಬಟ್ಟೆಗಳನ್ನು ಇಟ್ಟುಕೊಳ್ಳಬೇಕೆಂಬುದು ಮುಂತಾದ ವಿಷಯಗಳಿಗೆ ಮೀಸಲಾಗಿದೆ. ಪಂಡಿತರು ಈ ಭಾಗವನ್ನು ಮಠದ ಶುಷ್ಕನಿಯಮಗಳೆಂದು ಭಾವಿಸಿ ದಾಟಿ ಹೋಗುವುದುಂಟು. ವಾಸ್ತವವಾಗಿ ಅದು ಪರದೇಶಕ್ಕೆ ಹೋಗುವವನು ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು, ದೇಹವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಇಪ್ಪತ್ತು ವರ್ಷಗಳ ಅನುಭವದಿಂದ ಕಂಡುಕೊಂಡವನ ಬರೆಹವಾಗಿದೆ. ಅದನ್ನು ಹಾಗೆ ಓದಿದರೆ ಹೊರಡುವ ಅರ್ಥವೇನೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

೧

ಸಮುದ್ರಯಾನದಲ್ಲಿ ಭಾರವೆಂಬುದು ಅನುಕೂಲ ಅನನುಕೂಲಗಳ ಮಾತಾಗಿರದೆ ಪ್ರಾಣದ ಮಾತಾಗಿತ್ತು. ಇದಕ್ಕೆ ಇತ್ಸಿಂಗನಿಗಿಂತ ಹಿಂದಿನ ನಿದರ್ಶನವೊಂದು ಫಾಹಿಯಾನನ ವೃತ್ತಾಂತದಲ್ಲಿಯೇ ಇದೆ. ಕ್ರಿ. ಶ. ೩೯೯ರಲ್ಲಿ ಚಾಂಗ್‌ಆನ್ ನಗರದಿಂದ ಭೂಮಾರ್ಗವಾಗಿ ಹೊರಟ ಆ ಭಿಕ್ಷುವು ಹಿಂದಿರುಗುವಾಗ ಸಿಂಹಳದಲ್ಲಿ ವರ್ತಕರ ದೊಡ್ಡ ಹಡಗೊಂದನ್ನು ಹತ್ತಿದನು. ಅದರಲ್ಲಿ ೨೦೦ಕ್ಕೂ ಹೆಚ್ಚು ಜನರಿದ್ದರು. ಅಪಾಯಕಾಲಕ್ಕೆಂದು ಹಿಂದೆ ಚಿಕ್ಕ ದೋಣಿಯೊಂದನ್ನು ಕಟ್ಟಿದ್ದರು. ಎರಡು ದಿನಗಳ ಅನಂತರ ಬಿರುಗಾಳಿ ಎದ್ದು ಹಡಗಿನೊಳಕ್ಕೆ ನೀರು ನುಗ್ಗಿತು. ವರ್ತಕರು ಚಿಕ್ಕ ದೋಣಿಗೆ ಹಾರಲು ಹವಣಿಸಿದಾಗ, ಅದರಲ್ಲಿ ಮೊದಲೇ ಇದ್ದವರು ಭಾರ ಹೆಚ್ಚಿ ಮುಳುಗುವೆವೆಂಬ ಭಯದಿಂದ ಹಗ್ಗವನ್ನೇ ಕಡಿದುಬಿಟ್ಟರು. ಉಳಿದವರು ತಮ್ಮ ಸರಕುಗಳನ್ನು ಸಮುದ್ರಕ್ಕೆ ಎಸೆಯತೊಡಗಿದರು. ಫಾಹಿಯಾನನೂ ತನ್ನ ನೀರಿನ ಕುಂಡಿಕೆಯನ್ನೂ ತೊಳೆಯುವ ಪಾತ್ರೆಯನ್ನೂ ಇತರ ಸಾಮಾನುಗಳನ್ನೂ ಎಸೆದನು. ಆತನಿಗಿದ್ದ ಭಯವೆಲ್ಲ ವರ್ತಕರು ತನ್ನ ಧರ್ಮಗ್ರಂಥಗಳನ್ನೂ ಮೂರ್ತಿಗಳನ್ನೂ ಕೂಡ ಎಸೆದಾರೆಂಬುದೊಂದೇ. ಹದಿಮೂರು ಹಗಲಿರುಳುಗಳ ಮೇಲೆ ಹಡಗು ಒಂದು ದ್ವೀಪವನ್ನು ಮುಟ್ಟಿತು, ಗ್ರಂಥಗಳು ಉಳಿದವು.

ಪ್ರತಿದಿನದ ಶೌಚಕ್ಕೂ ಬಾಯಾರಿಕೆಗೂ ಬೇಕಾದ ಪಾತ್ರೆಗಳು ಮೊದಲು ಹೋದವು, ಗ್ರಂಥಗಳು ಕಡೆಯವರೆಗೆ ನಿಂತವು ಎಂಬುದು ಇಲ್ಲಿ ಗಮನಾರ್ಹ. ಮುಂದೆ ಇತ್ಸಿಂಗನ ಜೀವಿತದಲ್ಲಿಯೂ ಇದೇ ಕ್ರಮವು ಕಾಣಬರುವುದು.

ಎಲ್ಲ ಹಡಗುಗಳೂ ದಡ ಸೇರುತ್ತಿದ್ದುವೆಂದಿಲ್ಲ. ಇತ್ಸಿಂಗನೇ ಬರೆದಿಟ್ಟಿರುವ ಚಾಂಗ್‌ಮಿನ್ ಎಂಬ ಭಿಕ್ಷುವಿನ ಕಥೆಯು ಇದಕ್ಕೆ ಸಾಕ್ಷಿ. ಈತನು ಮಲಯು ದೇಶದಿಂದ ಮಧ್ಯಭಾರತಕ್ಕೆ ಬರಬೇಕೆಂದು ಒಂದು ವ್ಯಾಪಾರದ ಹಡಗನ್ನು ಏರಿದನು. ಅದರಲ್ಲಿ ಸರಕು ಮಿತಿಮೀರಿ ತುಂಬಿತ್ತು. ಹಗ್ಗ ಬಿಚ್ಚಿ ಬಹು ದೂರ ಹೋಗುವುದರೊಳಗೆ ಅಲೆಗಳೆದ್ದು ಅರ್ಧ ದಿನದೊಳಗಾಗಿ ಹಡಗು ಮುಳುಗತೊಡಗಿತು. ಇಲ್ಲಿಯೂ ವರ್ತಕರು ಚಿಕ್ಕ ದೋಣಿಗಾಗಿ ಒಬ್ಬರನ್ನೊಬ್ಬರು ನೂಕಾಡಿದರು. ಧರ್ಮಶ್ರದ್ಧೆಯುಳ್ಳ ಹಡಗಿನ ಒಡೆಯನು ಭಿಕ್ಷುವನ್ನು ಕೂಗಿ ಕರೆದರೂ ಆತನು ಬೇರೆಯವರನ್ನು ಉಳಿಸಿಕೊಳ್ಳಬೇಕೆಂದು ಹೇಳಿ, ಪಶ್ಚಿಮಕ್ಕೆ ಮುಖಮಾಡಿ ಕೈಮುಗಿದು, ಅಮಿತಾಭನ ನಾಮಸ್ಮರಣೆ ಮಾಡುತ್ತ ಹಡಗಿನೊಡನೆ ಮುಳುಗಿದನು. ಆಗ ಆತನಿಗೆ ೫೦ ವರ್ಷ ಮೀರಿತ್ತು. ಶಿಷ್ಯನೊಬ್ಬನು ಅಳುತ್ತ ಗುರುವಿನೊಡನೆಯೇ ಪ್ರಾಣ ಬಿಟ್ಟನು. ಆ ಭಿಕ್ಷುವಿನ ಗಂಟು ಹಗುರವಾಗಿದ್ದಿರಬಹುದು. ಆದರೆ ಇತರರ ಗಂಟಿನ ಭಾರವೇ ಆತನನ್ನು ಮುಳುಗಿಸಿತು.

೨

ಇತ್ಸಿಂಗನು ಹುಟ್ಟಿದ್ದು ಕ್ರಿ. ಶ. ೬೩೫ರಲ್ಲಿ. ಆತನು ಹೊರಟದ್ದು ೬೭೧ರಲ್ಲಿ. ಆಗ ಬಾದಾಮಿಯ ಚಾಲುಕ್ಯರಲ್ಲಿ ಒಂದನೆಯ ವಿಕ್ರಮಾದಿತ್ಯನು ಆಳುತ್ತಿದ್ದನು. ಮಧ್ಯ ಏಷ್ಯದ ಭೂಮಾರ್ಗದಲ್ಲಿ ಟಿಬೆಟಿಯರ ಮತ್ತು ಅರಬರ ಅಡಚಣೆ ಹೆಚ್ಚುತ್ತಿದ್ದ ಆ ಕಾಲದಲ್ಲಿ ಸಮುದ್ರಮಾರ್ಗವನ್ನು ಹಿಡಿಯುವವರು ಹಲವರಾದರು. ಚಾಂಗ್‌ಆನ್ ನಗರದಲ್ಲಿ ಆತನೊಡನೆ ಬರುವೆವೆಂದು ಮಾತು ಕೊಟ್ಟ ವಿದ್ವಾಂಸರು ಕೆಲವರಿದ್ದರು. ಆದರೆ ಒಬ್ಬನಿಗೆ ವೃದ್ಧಳಾದ ತಾಯಿ ಇದ್ದಳು. ಇನ್ನೊಬ್ಬನ ಮನಸ್ಸು ಬೇರೆ ಕಡೆಗೆ ತಿರುಗಿತು. ಹೀಗೆ ಎಲ್ಲರೂ ಹಿಂದುಳಿದರು. ಕಡೆಗೆ ಜೊತೆಗೆ ಬಂದವನು ಶಾನ್‌ಶಿಂಗ್ ಎಂಬ ಶಿಷ್ಯನೊಬ್ಬನೇ. ಪ್ರಯಾಣಕ್ಕೆ ಬೇಕಾದ ಸಹಾಯವನ್ನು ಫೆಂಗ್ ಮನೆತನದ ಅಧಿಕಾರಿಯೊಬ್ಬನು ಒದಗಿಸಿದನು. ಆ ವರ್ಷದ ಹನ್ನೊಂದನೆಯ ತಿಂಗಳಲ್ಲಿ ಗುರುಶಿಷ್ಯರು ಕ್ವಾಂಗ್‌ಚೌ ಬಂದರಿನಲ್ಲಿ ಪಾರಸೀಕ ವರ್ತಕರ ಹಡಗನ್ನು ಹತ್ತಿ, ೨೦ ದಿನಗಳೊಳಗಾಗಿ ಸುಮಾತ್ರದ ಶ್ರೀವಿಜಯವನ್ನು ಮುಟ್ಟಿದರು.

ಅಲ್ಲಿ ಶಾನ್‌ಶಿಂಗನು ರೋಗಕ್ಕೆ ತುತ್ತಾದನು. ಸ್ವದೇಶದ ಹಂಬಲವೂ ಸೇರಿ ಆತನು ಹಿಂದಕ್ಕೆ ಹೊರಟು ಹೋದನು. ಇತ್ಸಿಂಗನು ಮಾತ್ರ ಆರು ತಿಂಗಳು ಅಲ್ಲಿಯೇ ನಿಂತು ಶಬ್ದವಿದ್ಯೆಯನ್ನು ಕಲಿತನು. ಭಾರತಕ್ಕೆ ಹೋಗಬೇಕೆಂಬ ಚೀನೀಯ ಭಿಕ್ಷುಗಳು ನೇರವಾಗಿ ಹೋಗದೆ ಶ್ರೀವಿಜಯದಲ್ಲಿ ಒಂದೆರಡು ವರ್ಷ ಇದ್ದು, ಅಲ್ಲಿನ ಸಾವಿರಕ್ಕೂ ಮಿಕ್ಕ ಭಿಕ್ಷುಗಳ ನಡುವೆ ಆಚಾರವಿಧಿಗಳನ್ನು ಅಭ್ಯಾಸ ಮಾಡಿ, ಬಳಿಕ ಮಧ್ಯದೇಶಕ್ಕೆ ಹೋಗುವುದು ಲೇಸೆಂದು ಆತನು ಮುಂದೆ ಬರೆದನು. ಶಿಷ್ಯನನ್ನು ಕಳೆದುಕೊಂಡವನ ಈ ಸಲಹೆಯಲ್ಲಿ ಭಾಷೆಯ ಕಲಿಕೆಯೊಂದೇ ಅಲ್ಲದೆ, ಹೊಸ ದೇಶದ ಹವೆಗೂ ಆಹಾರಕ್ಕೂ ದೇಹವನ್ನು ಹದಗೊಳಿಸುವ ಪ್ರಯೋಜನವೂ ಅಡಗಿದೆಯೆಂದು ಹೇಳಲು ಅಡ್ಡಿಯಿಲ್ಲ.

ಮಲಯು, ಕೆಡಾ ಬಂದರುಗಳ ಮೇಲೆ ಉತ್ತರಕ್ಕೆ ಸಾಗಿ, ಬೆತ್ತಲೆ ಜನರ ದ್ವೀಪವೆಂದು ಆತನು ಹೇಳುವ, ಇಂದು ನಿಕೋಬಾರೆಂದು ಗುರುತಿಸಲಾಗಿರುವ ನಡುಗಡ್ಡೆಯನ್ನು ದಾಟಿ, ೬೭೩ರ ಎರಡನೆಯ ತಿಂಗಳಲ್ಲಿ ಆತನು ತಾಮ್ರಲಿಪ್ತಿಯನ್ನು ಸೇರಿದನು. ದ್ವೀಪದ ಜನರು ತೆಂಗಿನಕಾಯಿ ಬಾಳೆಹಣ್ಣುಗಳನ್ನು ದೋಣಿಯಲ್ಲಿ ತಂದು ಅವಕ್ಕೆ ಬದಲಾಗಿ ಕಬ್ಬಿಣವನ್ನು ಕೇಳುತ್ತಿದ್ದರೆಂದು ಆತನು ಬರೆದಿದ್ದಾನೆ.

೩

ಇಂತಹ ಯಾತ್ರಿಕನ ಗಂಟಿನಲ್ಲಿ ಏನಿರುತ್ತಿತ್ತು? ವಿನಯದ ಪ್ರಕಾರ ಭಿಕ್ಷುವಿಗೆ ಅವಶ್ಯವಾದ ಪರಿಕರಗಳು ಆರು: ಸಂಘಾಟಿ, ಉತ್ತರಾಸಂಗ, ಅಂತರ್ವಾಸಗಳೆಂಬ ಮೂರು ಚೀವರಗಳು; ಭಿಕ್ಷಾಪಾತ್ರೆ; ಕುಳ್ಳಿರಲು ಮತ್ತು ಮಲಗಲು ಹಾಸುವ ನಿಷೀದನ; ನೀರನ್ನು ಸೋಸುವ ಪರಿಸ್ರಾವಣ. ಇದಲ್ಲದೆ ಇತ್ಸಿಂಗನು ತನ್ನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಹದಿಮೂರು ವಸ್ತ್ರಪರಿಕರಗಳ ಪಟ್ಟಿಯೊಂದನ್ನು ಕೊಡುತ್ತಾನೆ. ಮೇಲಣ ಮೂರು ಚೀವರಗಳೂ ನಿಷೀದನವೂ ಮೊದಲ ನಾಲ್ಕು. ಒಳಗೆ ಉಡುವ ನಿವಸನ ಮತ್ತು ಅದಕ್ಕೆ ಬದಲಿ ಇನ್ನೊಂದು, ಪಕ್ಕೆಯನ್ನು ಮುಚ್ಚುವ ಸಂಕಕ್ಷಿಕೆ ಮತ್ತು ಅದರ ಬದಲಿ, ಮೈ ಒರಸುವ ಬಟ್ಟೆ, ಮುಖ ಒರಸುವ ಬಟ್ಟೆ, ಕ್ಷೌರಕಾಲದಲ್ಲಿ ಕೂದಲು ಬೀಳಲು ಹಿಡಿಯುವ ಕೇಶಪ್ರತಿಗ್ರಹ, ಕಜ್ಜಿಯಾದಾಗ ಹೊದೆಯುವ ಕಂಡೂಪ್ರತಿಚ್ಛಾದನ, ಕಡೆಯದಾಗಿ ಭೈಷಜ್ಯಪರಿಷ್ಕಾರಚೀವರ.

ಈ ಪಟ್ಟಿಯಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಒಳಬಟ್ಟೆಗೆ ಮಾತ್ರ ಬದಲಿಯುಂಟು, ಮೇಲುಬಟ್ಟೆಗೆ ಇಲ್ಲ. ಬೆವರು ಕೊಳೆಗಳು ತಗಲುವುದನ್ನು ಒಗೆದು ಒಣಗಿಸುವಷ್ಟು ಕಾಲ ಇನ್ನೊಂದು ಇರಬೇಕು. ಶೋಭೆಗೆ ಸಂಬಂಧಿಸಿದ್ದು ಒಂದೇ ಸಾಕು ಎಂಬ ವಿವೇಕವು ಇಲ್ಲಿ ಕಾಣುತ್ತದೆ. ಎರಡನೆಯದು, ಹದಿಮೂರನೆಯ ವಸ್ತ್ರವು ಉಡುವುದಕ್ಕಾಗಲಿ ಹೊದೆಯುವುದಕ್ಕಾಗಲಿ ಅಲ್ಲ. ಅದು ಸುಮಾರು ೨೦ ಅಡಿ ಉದ್ದದ ರೇಷ್ಮೆಯ ತುಂಡು. ರೋಗವು ಹೇಳಿ ಕೇಳಿ ಬರುವಂಥದಲ್ಲ. ಬಂದಾಗ ಅವಸರದಲ್ಲಿ ಔಷಧವು ದೊರೆಯುವುದು ಕಷ್ಟ. ಆದುದರಿಂದ ಕೊಟ್ಟು ಔಷಧವನ್ನು ಕೊಳ್ಳುವುದಕ್ಕಾಗಿ ಈ ವಸ್ತ್ರವನ್ನು ಮೊದಲೇ ಇಟ್ಟುಕೊಂಡಿರಬೇಕು, ಬೇರೆ ಕಾರ್ಯಕ್ಕೆ ಅದನ್ನು ಬಳಸಬಾರದು ಎಂಬುದು ಆತನ ವಿವರಣೆಯ ತಾತ್ಪರ್ಯ. ನಾಣ್ಯವು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಗಿಡಮೂಲಿಕೆಗಳು ದಾರಿಯಲ್ಲಿ ಕೆಡುತ್ತವೆ. ರೇಷ್ಮೆಯಾದರೋ ಹಗುರ, ಮಡಿಸಿದರೆ ಅಂಗೈಯಗಲ, ಎಲ್ಲ ಬಂದರುಗಳಲ್ಲಿಯೂ ಬೆಲೆಯುಳ್ಳದ್ದು. ಔಷಧವನ್ನು ಹೊರುವ ಬದಲು ಔಷಧವನ್ನು ಪಡೆಯುವ ಶಕ್ತಿಯನ್ನು ಹೊರುವ ಈ ಉಪಾಯವು ಆ ಗಂಟಿನ ಸಾರವೆಂದರೂ ಸಲ್ಲುತ್ತದೆ. ಹುಳುವನ್ನು ಕೊಂದು ತೆಗೆದದ್ದೆಂಬ ಕಾರಣದಿಂದ ಚೀನದ ಕೆಲವು ಭಿಕ್ಷುಗಳು ರೇಷ್ಮೆಯನ್ನು ನಿರಾಕರಿಸುತ್ತಿದ್ದುದನ್ನು ಇತ್ಸಿಂಗನು ಅದೇ ಅಧ್ಯಾಯದಲ್ಲಿ ಅತಿಯಾದ ಮಡಿಯೆಂದು ಖಂಡಿಸಿದುದಕ್ಕೆ ಇದೂ ಒಂದು ಹಿನ್ನೆಲೆಯಾಗಿರಬಹುದು.

ಪ್ರಯಾಣದಲ್ಲಿ ಭಿಕ್ಷುವು ಪಾತ್ರೆಯನ್ನೂ ಕುಂಡಿಕೆಯನ್ನೂ ಬೇಕಾದ ಬಟ್ಟೆಗಳನ್ನೂ ಚೀವರದ ಮೇಲೆ ಹೆಗಲಿಗೆ ತೂಗಹಾಕಿಕೊಂಡು, ಕೈಯಲ್ಲಿ ಕೊಡೆ ಹಿಡಿದು ನಡೆಯುವನೆಂದು ಆತನು ವರ್ಣಿಸಿರುವನು. ಒಬ್ಬ ಮನುಷ್ಯನು ಆಳಿನ ಸಹಾಯವಿಲ್ಲದೆ ತಾನೇ ಹೊರಬಲ್ಲಷ್ಟು ಎಂಬುದೇ ಆ ಪಟ್ಟಿಯ ಮಿತಿ.

೪

ನೀರಿನ ವಿಷಯದಲ್ಲಿ ಆತನ ಆಗ್ರಹವು ಬಹಳ. ಕುಡಿಯುವ ಶುದ್ಧಜಲಕ್ಕೆ ಮಣ್ಣಿನ ಅಥವಾ ಪಿಂಗಾಣಿಯ ಪಾತ್ರೆ, ಶೌಚದ ನೀರಿಗೆ ತಾಮ್ರ ಅಥವಾ ಕಬ್ಬಿಣದ ಪಾತ್ರೆ, ಇವೆರಡು ಎಂದೂ ಬೆರೆಯಕೂಡದು. ದಿನದಿನವೂ ಬೆಳಗ್ಗೆ ನೀರನ್ನು ಪರೀಕ್ಷಿಸಬೇಕು. ಕೂದಲಿನ ತುದಿಯಷ್ಟು ಸೂಕ್ಷ್ಮವಾದ ಜಂತು ಕಂಡರೂ ಸೋಸಬೇಕು. ಸೋಸಿದ ಜಂತುಗಳನ್ನು ಪಾತ್ರೆಯಲ್ಲಿಟ್ಟು ಮತ್ತೆ ನೀರಿಗೆ ಬಿಡಬೇಕು. ಪ್ರಯಾಣ ಹೊರಡುವ ಭಿಕ್ಷುವು ಸೋಸುಬಟ್ಟೆಯನ್ನು ಮರೆಯುವುದು ದೋಷವೆಂದು ಆತನು ಎಣಿಸುತ್ತಾನೆ.

ಈ ನಿಯಮದಲ್ಲಿ ಇಂದಿನ ಆರೋಗ್ಯಶಾಸ್ತ್ರವನ್ನು ಹುಡುಕುವ ಆಸೆ ಸಹಜವಾದರೂ ಅದಕ್ಕೆ ಒಳಗಾಗಬಾರದು. ಸೋಸುವುದರ ಉದ್ದೇಶ ಜೀವದಯೆ. ಕುಡಿಯುವವನ ಪ್ರಾಣಕ್ಕಿಂತ ನೀರಿನಲ್ಲಿರುವ ಪ್ರಾಣಿಯ ಪ್ರಾಣವೇ ಅಲ್ಲಿ ಮುಖ್ಯ. ಜೈನಮುನಿಗಳೂ ಗೃಹಸ್ಥರೂ ನೀರನ್ನು ಸೋಸುವುದು ಇದೇ ಕಾರಣದಿಂದ ಎಂಬುದನ್ನು ಕನ್ನಡನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೋಗವನ್ನುಂಟುಮಾಡುವ ಅತಿಸೂಕ್ಷ್ಮಜೀವಿಗಳು ಒಂಟಿಬಟ್ಟೆಯಲ್ಲಿ ಸಲೀಸಾಗಿ ಹಾದುಹೋಗುವಂಥವು. ಹಾಗೆಂದು ಈ ಆಚಾರವು ದೇಹಕ್ಕೆ ಏನೂ ಉಪಕರಿಸಲಿಲ್ಲವೆಂದು ಹೇಳುವುದೂ ಸರಿಯಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ರೋಗವು ಸುಮಾರು ಅರ್ಧದಷ್ಟು ಕಡಿಮೆಯಾಯಿತೆಂದು ೨೦೦೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ನೀರಿನ ಚಿಕ್ಕ ಜಂತುಗಳ ಮೈಗೆ ಅಂಟಿಕೊಂಡಿರುವ ರೋಗಾಣುಗಳು ಆ ಜಂತುಗಳೊಡನೆ ಬಟ್ಟೆಯಲ್ಲಿ ನಿಂತುಬಿಡುತ್ತವೆ. ದಯೆಗಾಗಿ ಮಾಡಿದ ವಿಧಿಯು ತಾನಾಗಿ ರಕ್ಷೆಯಾಗುವುದೂ ಉಂಟು. ಆದರೆ ಫಲವನ್ನು ಕಂಡು ಉದ್ದೇಶವನ್ನು ಊಹಿಸುವುದು ಇತಿಹಾಸದ ಪದ್ಧತಿಯಲ್ಲ.

ದಂತಕಾಷ್ಠವನ್ನು ಕುರಿತ ಅಧ್ಯಾಯವೂ ಇಂಥದೇ. ಕಡ್ಡಿಯ ಉದ್ದ ಹನ್ನೆರಡು ಅಂಗುಲ, ಎಂಟಕ್ಕಿಂತ ಕಡಿಮೆಯಾಗಬಾರದು. ಒಂದು ತುದಿಯನ್ನು ಅಗಿದು ಹಲ್ಲನ್ನು ಉಜ್ಜಿ, ಅದನ್ನೇ ಸೀಳಿ ನಾಲಗೆಯನ್ನು ಹೆರೆಯಬೇಕು. ಬಳಿಕ ಅದನ್ನು ಎಸೆಯುವುದು. ಇದು ಹೊರಬೇಕಾದ ವಸ್ತುವೇ ಅಲ್ಲ. ಯಾವ ಊರಿನಲ್ಲಾದರೂ ಸಿಕ್ಕುವ ಮರದಿಂದ ಆ ದಿನಕ್ಕೆ ಬೇಕಾದುದನ್ನು ಮುರಿದುಕೊಂಡರಾಯಿತು. ಹೊರಬೇಕಾದುದು ಅದನ್ನು ಬಳಸುವ ಅಭ್ಯಾಸವೊಂದೇ.

೫

ಗಂಟು ಚಿಕ್ಕದಾದಷ್ಟೂ ತಿಳಿವಳಿಕೆ ದೊಡ್ಡದಾಗಿರಬೇಕು ಎಂಬುದು ೨೭, ೨೮ನೆಯ ಅಧ್ಯಾಯಗಳಿಂದ ಇನ್ನೂ ವಿಶದವಾಗುತ್ತದೆ. ರೋಗಗಳು ಬಹುಮಟ್ಟಿಗೆ ಅತಿಭೋಜನದಿಂದಲೋ ಅತಿಶ್ರಮದಿಂದಲೋ ಹುಟ್ಟುತ್ತವೆ. ಆದುದರಿಂದ ಊಟಕ್ಕೆ ಮೊದಲು ಪ್ರತಿದಿನವೂ ತನ್ನ ದೇಹದ ಸ್ಥಿತಿಯನ್ನು ತಾನೇ ನೋಡಿಕೊಳ್ಳಬೇಕು. ಸಮತೆ ತಪ್ಪಿದ್ದರೆ ಊಟ ಬಿಡಬೇಕು. ಲಂಘನವೇ ಮೊದಲನೆಯ ಔಷಧ. ಆದರೆ ಇದನ್ನು ಎಲ್ಲ ಕಡೆಗೂ ಒಂದೇ ಅಳತೆಯಿಂದ ಹೇಳುವುದಿಲ್ಲವೆಂಬುದು ಇತ್ಸಿಂಗನ ವಿಶೇಷ. ಪಶ್ಚಿಮದ ಲಾಟದೇಶದಲ್ಲಿ ರೋಗಿಗಳು ಅರ್ಧ ತಿಂಗಳೋ ಒಂದು ತಿಂಗಳೋ ಉಪವಾಸವಿರುವರು. ಮಧ್ಯದೇಶದಲ್ಲಿ ಒಂದು ವಾರವೇ ಹೆಚ್ಚು. ದಕ್ಷಿಣಸಮುದ್ರದ ದ್ವೀಪಗಳಲ್ಲಿ ಎರಡು ಮೂರು ದಿನಗಳಿಗೆ ಮೀರಬಾರದು. ದೇಶ, ಆಚಾರ, ಧಾತುಗಳ ಭೇದವೇ ಇದಕ್ಕೆ ಕಾರಣವೆಂದು ಆತನ ಅಭಿಪ್ರಾಯ. ಒಂದು ಊರಿನಲ್ಲಿ ಹಿತವಾದುದು ಇನ್ನೊಂದು ಊರಿನಲ್ಲಿ ಅಹಿತವಾಗಬಹುದೆಂಬ ಈ ಎಚ್ಚರವು ಪುಸ್ತಕದಿಂದ ಬಂದುದಲ್ಲ, ದಾರಿಯಿಂದ ಬಂದುದು.

ಔಷಧಗಳಲ್ಲಿ ಆತನು ಬಹುವಾಗಿ ಹೊಗಳುವುದು ಅಳಲೆಕಾಯಿಯನ್ನು. ಅದರ ಸಿಪ್ಪೆ, ಒಣಶುಂಠಿ, ಸಕ್ಕರೆ ಇವುಗಳನ್ನು ಸಮಭಾಗವಾಗಿ ತೆಗೆದುಕೊಂಡು, ಮೊದಲೆರಡನ್ನು ಅರೆದು, ಸಕ್ಕರೆಯೊಡನೆ ಸ್ವಲ್ಪ ನೀರು ಬೆರೆಸಿ ಗುಳಿಗೆ ಮಾಡಿ, ಪ್ರಾತಃಕಾಲದಲ್ಲಿ ಹತ್ತರಷ್ಟನ್ನು ನುಂಗುವ ಕ್ರಮವನ್ನು ಆತನು ತಿಳಿಸುತ್ತಾನೆ. ಪಥ್ಯದ ಗೋಜಿಲ್ಲ; ಅತಿಸಾರಕ್ಕೆ ಎರಡು ಮೂರು ಸಲ ಸಾಕು; ಸಕ್ಕರೆ ಸಿಕ್ಕದಿದ್ದರೆ ಜೇನೂ ಆಗಬಹುದು. ಎಲ್ಲಿಯಾದರೂ ದೊರೆಯುವ ಮೂರೇ ವಸ್ತುಗಳು, ಅವುಗಳಲ್ಲಿಯೂ ಒಂದಕ್ಕೆ ಬದಲಿ. ಯಾವ ವಸ್ತು ಎಲ್ಲಿ ಸಿಕ್ಕುವುದೆಂಬ ವಿವರವೂ ಆತನಲ್ಲಿದೆ: ಭಾರತದಲ್ಲಿ ಅಳಲೆ, ಪಶ್ಚಿಮದ ಅಂಚಿನಲ್ಲಿ ಇಂಗು, ದಕ್ಷಿಣಸಮುದ್ರದ ದ್ವೀಪಗಳಲ್ಲಿ ಕರ್ಪೂರ. ತಾಯ್ನಾಡಿನಲ್ಲಿ ೪೦೦ಕ್ಕೂ ಮಿಕ್ಕ ಮೂಲಿಕೆಗಳಿವೆಯೆಂದು ಹೆಮ್ಮೆಪಡುವ ಆತನೇ ಅವುಗಳನ್ನು ಹೊತ್ತು ತರಬೇಕೆಂದು ಹೇಳುವುದಿಲ್ಲ. ಎಂಟು ಅಂಗಗಳ ವೈದ್ಯಶಾಸ್ತ್ರವನ್ನು ತಾನು ಕಲಿತಿದ್ದರೂ ಅದು ತನ್ನ ವೃತ್ತಿಯಲ್ಲವೆಂದು ಬಿಟ್ಟೆನೆಂದೂ, ಮನೆ ಬಿಟ್ಟು ಇಪ್ಪತ್ತು ವರ್ಷ ಮೀರಿದರೂ ಚಹ ಮತ್ತು ಜಿನ್ಸೆಂಗ್ ಬೇರಿನ ಕಷಾಯ ಇವೆರಡರಿಂದಲೇ ದೇಹವನ್ನು ಕಾಪಾಡಿಕೊಂಡು ಬಂದೆನೆಂದೂ, ಘೋರವಾದ ರೋಗವು ತನಗೆ ಹೆಚ್ಚಾಗಿ ಬರಲಿಲ್ಲವೆಂದೂ ಆತನು ಬರೆದುಕೊಂಡಿದ್ದಾನೆ. ಮಲಮೂತ್ರಗಳನ್ನು ಔಷಧವೆಂದು ಕುಡಿಸುವ ಸ್ವದೇಶದ ಪದ್ಧತಿಯನ್ನು ೨೯ನೆಯ ಅಧ್ಯಾಯದಲ್ಲಿ ಹಳಿಯುವಷ್ಟು ನಿರ್ಭಯವೂ ಆತನಲ್ಲಿತ್ತು.

೬

ಆದರೆ ಘೋರವಾದ ರೋಗ ಬರಲಿಲ್ಲವೆಂಬ ಮಾತನ್ನು ಆತನದೇ ಇನ್ನೊಂದು ಬರೆಹದೊಡನೆ ಇಟ್ಟು ನೋಡಬೇಕು. ತಾಮ್ರಲಿಪ್ತಿಯಲ್ಲಿ ಒಂದು ವರ್ಷ ಕಳೆದ ಮೇಲೆ ಆತನು ತಾಚೆಂಗ್‌ತೆಂಗ್ ಎಂಬ ಹಿರಿಯ ಭಿಕ್ಷುವಿನೊಡನೆಯೂ ನೂರಾರು ವರ್ತಕರೊಡನೆಯೂ ಮಧ್ಯದೇಶಕ್ಕೆ ಹೊರಟನು. ಮಹಾಬೋಧಿಗೆ ಇನ್ನೂ ಹತ್ತು ದಿನಗಳ ದಾರಿಯಿರುವಾಗ, ಬೆಟ್ಟ ಮತ್ತು ಕೆಸರಿನ ಪ್ರದೇಶದಲ್ಲಿ, ಋತುದೋಷದ ಜ್ವರವು ಆತನನ್ನು ಹಿಡಿಯಿತು. ಗುಂಪಿನೊಡನೆ ನಡೆಯಲಾರದೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತ ಆತನು ಹಿಂದೆ ಬಿದ್ದನು. ಸಂಜೆಯ ಹೊತ್ತಿಗೆ ಬಿಲ್ಲು ಹಿಡಿದ ಕಳ್ಳರು ಮುತ್ತಿ, ಮೊದಲು ಮೇಲಿನ ಬಟ್ಟೆಯನ್ನೂ ಬಳಿಕ ಕೆಳಗಿನದನ್ನೂ ನಡುಕಟ್ಟನ್ನೂ ಸುಲಿದುಕೊಂಡರು. ಬಿಳಿಯ ಮೈಬಣ್ಣದವರನ್ನು ಹಿಡಿದು ಬಲಿಕೊಡುವರೆಂಬ ಮಾತು ಆತನ ಕಿವಿಗೆ ಬಿದ್ದಿತ್ತು. ಆದುದರಿಂದ ಆತನು ಕೆಸರಿನ ಗುಂಡಿಗಿಳಿದು ಮೈಗೆಲ್ಲ ಕೆಸರು ಬಳಿದುಕೊಂಡು, ಎಲೆಗಳಿಂದ ಮಾನ ಮುಚ್ಚಿಕೊಂಡು, ಕೋಲೂರಿಕೊಂಡು ನಡೆದನು. ಇರುಳಿನ ಎರಡನೆಯ ಜಾವದಲ್ಲಿ ಸಂಗಡಿಗರಿದ್ದ ಹಳ್ಳಿ ಸಿಕ್ಕಿತು. ಊರ ಹೊರಗೆ ತಾಚೆಂಗ್‌ತೆಂಗನು ಆತನ ಹೆಸರು ಹಿಡಿದು ಕೂಗುತ್ತಿದ್ದನು. ಆ ಹಿರಿಯನು ಬಟ್ಟೆಯೊಂದನ್ನು ಕೊಟ್ಟನು. ಇತ್ಸಿಂಗನು ಕೊಳದಲ್ಲಿ ಮೈ ತೊಳೆದು ಊರೊಳಗೆ ಹೋದನು.

ಹದಿಮೂರು ಪರಿಕರಗಳೂ ಇಲ್ಲವಾದ ಆ ರಾತ್ರಿ ಆತನನ್ನು ಉಳಿಸಿದ್ದು ಊರ ಹೊರಗೆ ನಿಂತು ಕೂಗುತ್ತಿದ್ದವನ ದನಿ. ಹಗುರವಾದ ಗಂಟಿನ ವ್ಯವಸ್ಥೆಯಲ್ಲಿ ಅಡಗಿರುವ ಮುಖ್ಯವಾದ ಸಂಗತಿಯು ಇಲ್ಲಿ ಬಯಲಾಗುತ್ತದೆ. ಭಿಕ್ಷುವು ಕಡಿಮೆ ಹೊರಲು ಸಾಧ್ಯವಾದದ್ದು ದಾರಿಯುದ್ದಕ್ಕೂ ಬೇರೆಯವರು ಅವನಿಗಾಗಿ ಇಟ್ಟುಕೊಂಡಿದ್ದುದರಿಂದ. ೨೬ನೆಯ ಅಧ್ಯಾಯವು ವಿಹಾರಕ್ಕೆ ಬಂದ ಪರದೇಶಿಯನ್ನು ಹೇಗೆ ಕಾಣಬೇಕೆಂಬುದನ್ನು ವಿಧಿಸುತ್ತದೆ: ಸ್ವಾಗತವೆನ್ನಬೇಕು, ಆತನ ಸಾಮಾನುಗಳನ್ನು ಇಳಿಸಿಕೊಳ್ಳಬೇಕು, ವಿಶ್ರಾಂತಿ ಕೊಡಬೇಕು, ಕೈಕಾಲಿಗೆ ನೀರು, ಮೈಗೆ ಎಣ್ಣೆ, ಆಮೇಲೆ ತುಪ್ಪ, ಜೇನು, ಸಕ್ಕರೆ ಅಥವಾ ಪಾನಕವನ್ನು ಕೊಡಬೇಕು. ೩೬ನೆಯ ಅಧ್ಯಾಯವು ಸತ್ತ ಭಿಕ್ಷುವಿನ ಆಸ್ತಿಯನ್ನು ಕುರಿತದ್ದು. ಆತನ ಬಳಿಯಿದ್ದ ಔಷಧಗಳನ್ನು ವಿಹಾರದ ಉಗ್ರಾಣಕ್ಕೆ ಸೇರಿಸಿ, ರೋಗಿಗಳಿಗೆ ಬೇಕಾದಾಗ ಕೊಡಬೇಕು. ಧರ್ಮಗ್ರಂಥಗಳನ್ನು ಹಂಚಿಕೊಳ್ಳದೆ ಪುಸ್ತಕಭಂಡಾರದಲ್ಲಿ ಇಡಬೇಕು. ಒಬ್ಬ ಯಾತ್ರಿಕನ ಗಂಟು ಹೀಗೆ ಮುಂದೆ ಬರುವವನ ಗಂಟನ್ನು ಹಗುರಮಾಡುತ್ತಿತ್ತು.

ಈ ಏರ್ಪಾಡು ಚೀನೀಯರಿಗೆ ಮಾತ್ರ ಪೂರ್ಣವಾಗಿ ಒದಗಿರಲಿಲ್ಲ. ಬೇರೆ ದೇಶದವರಿಗೆಲ್ಲ ಭಾರತದಲ್ಲಿ ತಮ್ಮವೇ ಆದ ವಿಹಾರಗಳಿರುವಾಗ ಚೀನದವರಿಗೆ ಒಂದೂ ಇಲ್ಲವೆಂದೂ, ಬಂದುಹೋಗುವವರ ಕಷ್ಟಕ್ಕೆ ಇದೇ ಕಾರಣವೆಂದೂ ಇತ್ಸಿಂಗನು ವ್ಯಥೆಯಿಂದ ಹೇಳುತ್ತಾನೆ. ತನಗಿಂತ ಸುಮಾರು ೫೦೦ ವರ್ಷಗಳ ಹಿಂದೆ ಶ್ರೀಗುಪ್ತನೆಂಬ ಅರಸನು ಇಪ್ಪತ್ತರಷ್ಟು ಚೀನೀಯ ಭಿಕ್ಷುಗಳಿಗಾಗಿ ಗಂಗೆಯ ಬಳಿ ವಿಹಾರವೊಂದನ್ನು ಕಟ್ಟಿಸಿ ೨೪ ಹಳ್ಳಿಗಳನ್ನು ದತ್ತಿ ಬಿಟ್ಟಿದ್ದನೆಂಬ ಐತಿಹ್ಯವನ್ನೂ ಆತನು ಉಲ್ಲೇಖಿಸಿದ್ದಾನೆ. ಈ ಶ್ರೀಗುಪ್ತನನ್ನು ಗುಪ್ತವಂಶದ ಮೂಲಪುರುಷನೆಂದು ಕೆಲವು ವಿದ್ವಾಂಸರು ಗುರುತಿಸಿರುವರು. ಇತ್ಸಿಂಗನ ಕಾಲಕ್ಕೆ ಅಲ್ಲಿ ಉಳಿದಿದ್ದುದು ಇಟ್ಟಿಗೆಯ ತಳಹದಿ ಮಾತ್ರ. ಚೀನದಿಂದ ಭಿಕ್ಷುಗಳು ಬಂದರೆ ಅದನ್ನು ಮತ್ತೆ ಕಟ್ಟಿಸುವೆನೆಂದು ಪೂರ್ವದೇಶದ ಅರಸನಾದ ದೇವವರ್ಮನು ಹೇಳುತ್ತಿದ್ದನಂತೆ. ಯಾತ್ರಿಕರಿಗೆ ಬೇಕಾಗಿದ್ದುದು ಇನ್ನೊಂದ��� ಚೀವರವಾಗಲಿ ಇನ್ನೊಂದು ಗುಳಿಗೆಯಾಗಲಿ ಅಲ್ಲ. ಕಾಯಿಲೆ ಬಿದ್ದಾಗ ತಮ್ಮ ಮಾತು ತಿಳಿಯುವವರಿರುವ ಒಂದು ಮಾಡು ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಗುವುದು.

೭

ಹತ್ತು ವರ್ಷಗಳ ನಾಲಂದಾವಾಸದ ಬಳಿಕ ೬೮೫ರಲ್ಲಿ ಇತ್ಸಿಂಗನು ಹಿಂದಿರುಗಿ ಹೊರಟಾಗ ಆತನ ಗಂಟು ಹಗುರವಾಗಿರಲಿಲ್ಲ. ಐದು ಲಕ್ಷ ಶ್ಲೋಕಗಳಷ್ಟು ಗಾತ್ರದ ಸುಮಾರು ೪೦೦ ಸಂಸ್ಕೃತಗ್ರಂಥಗಳು ಅದರಲ್ಲಿದ್ದುವು. ದಾರಿಯಲ್ಲಿ ಮತ್ತೊಮ್ಮೆ ಕಳ್ಳರ ಕೈಯಿಂದ ಪಾರಾಗಿ ಆತನು ಶ್ರೀವಿಜಯವನ್ನು ಸೇರಿ ಅಲ್ಲಿ ಭಾಷಾಂತರಕ್ಕೆ ಕುಳಿತನು. ಕಾಗದ, ಮಸಿ, ಲಿಪಿಕಾರರು ಸಾಲದಾದಾಗ ೬೮೯ರಲ್ಲಿ ಬಂದರಿಗೆ ಹೋಗಿ, ಇವುಗಳನ್ನು ಬೇಡಿ ಕ್ವಾಂಗ್‌ಚೌಗೆ ಓಲೆ ಕಳುಹಿಸಬೇಕೆಂದು ಹಡಗನ್ನು ಹತ್ತಿದ್ದನು. ಅಷ್ಟರಲ್ಲಿ ಗಾಳಿ ಅನುಕೂಲವಾಗಿ ಬೀಸಿ, ಹಾಯಿ ಏರಿಸಿ, ಹಡಗು ಹೊರಟೇಬಿಟ್ಟಿತು. ಹೀಗೆ ಹದಿನೆಂಟು ವರ್ಷಗಳ ಮೇಲೆ ಆತನು ಯಾವ ಗಂಟೂ ಇಲ್ಲದೆ ತಾಯ್ನಾಡನ್ನು ಮುಟ್ಟಿದನು. ಅಲ್ಲಿಯೇ ಉಳಿದುಬಿಡಬಹುದಾಗಿತ್ತು. ಆದರೆ ಗ್ರಂಥಗಳೆಲ್ಲ ಸಮುದ್ರದಾಚೆ ಶ್ರೀವಿಜಯದಲ್ಲಿ ಉಳಿದಿದ್ದುವು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಹನ್ನೊಂದನೆಯ ತಿಂಗಳ ಮೊದಲನೆಯ ದಿನ, ಸಹಾಯಕರನ್ನು ಕೂಡಿಕೊಂಡು ಆತನು ಮತ್ತೆ ಸಮುದ್ರಕ್ಕಿಳಿದನು. ಫಾಹಿಯಾನನು ಮುಳುಗುವ ಹಡಗಿನಲ್ಲಿ ಎಸೆಯಲೊಲ್ಲದ ಭಾರಕ್ಕಾಗಿಯೇ ಇತ್ಸಿಂಗನು ತಾನಾಗಿ ದೊರೆತ ದಡವನ್ನು ಬಿಟ್ಟನು.

೬೯೨ರಲ್ಲಿ ಆತನು ಶ್ರೀವಿಜಯದಿಂದ ಸ್ವದೇಶಕ್ಕೆ ತಾಚಿನ್ ಎಂಬ ಭಿಕ್ಷುವಿನ ಕೈಯಲ್ಲಿ ಕೆಲವು ಭಾಷಾಂತರಗಳನ್ನೂ ತಾನೇ ರಚಿಸಿದ ಎರಡು ಗ್ರಂಥಗಳನ್ನೂ ಕಳುಹಿಸಿದನು. ಒಂದು, ಇದುವರೆಗೆ ವಿವರಿಸಿದ ನಲವತ್ತು ಅಧ್ಯಾಯಗಳ ಆಚಾರಗ್ರಂಥ. ಇದನ್ನು ತಕಕುಸು ಪಂಡಿತರು ೧೮೯೬ರಲ್ಲಿ ಇಂಗ್ಲಿಷಿಗೆ ತಂದರು. ಇನ್ನೊಂದು, ಧರ್ಮವನ್ನು ಅರಸಿ ಪಶ್ಚಿಮಕ್ಕೆ ಹೋದ ೫೬ ಭಿಕ್ಷುಗಳ ಚರಿತ್ರೆ. ಇದನ್ನು ಶವಾನ್ ಪಂಡಿತರು ೧೮೯೪ರಲ್ಲಿ ಫ್ರೆಂಚಿಗೆ ತಂದರು. ಮೊದಲನೆಯದನ್ನು ಓದುವವರು ಎರಡನೆಯದನ್ನು ಬಿಟ್ಟರೆ ಅರ್ಧಸತ್ಯವನ್ನು ಮಾತ್ರ ಪಡೆಯುವರು. ಏಕೆಂದರೆ ಆ ಚರಿತ್ರೆಯು ಬಹುಮಟ್ಟಿಗೆ ಹಿಂದಿರುಗದವರ ಪಟ್ಟಿ. ಅರಸನ ಆಜ್ಞೆಯಂತೆ ದೀರ್ಘಾಯುಷ್ಯದ ಔಷಧವನ್ನು ಅರಸುತ್ತ ಬಂದ ಹ್ಯುಯೆನ್‌ಚಾವೋ ರೋಗದಿಂದ ಮಧ್ಯಭಾರತದಲ್ಲಿ ತೀರಿಕೊಂಡನು. ತಾವೋಶೆಂಗ್ ಎಂಬವನು ಗ್ರಂಥಗಳನ್ನೂ ಮೂರ್ತಿಗಳನ್ನೂ ಹೊತ್ತು ಮರಳುವಾಗ ನೇಪಾಳದಲ್ಲಿ ಕಾಯಿಲೆಯಾಗಿ ಸತ್ತನು. ಅಲ್ಲಿಯೇ ಸತ್ತ ಹ್ಯುಯೆನ್‌ಹುಯಿಗೆ ವಯಸ್ಸು ಮೂವತ್ತರ ಮೇಲೆ ಅಷ್ಟೆ. ಆ ದಾರಿಯಲ್ಲಿ ವಿಷಮೂಲಿಕೆಯಿರುವುದರಿಂದ ಹೋದವರಲ್ಲಿ ಬಹಳ ಮಂದಿ ಸಾಯುವರೆಂದು ಇತ್ಸಿಂಗನು ನಂಬಿದ್ದನು. ಕೆಸರಿನ ರಾತ್ರಿಯಲ್ಲಿ ಕೂಗಿ ಕರೆದ ತಾಚೆಂಗ್‌ತೆಂಗನೂ ಕುಶಿನಗರದಲ್ಲಿ ದೇಹವನ್ನಿಟ್ಟನು. ಇವರೆಲ್ಲರಿಗೂ ಸೋಸುಬಟ್ಟೆ, ದಂತಕಾಷ್ಠ, ಲಂಘನಗಳ ವಿಧಿ ತಿಳಿದೇ ಇದ್ದಿರಬೇಕು. ಬದುಕಿ ಬಂದವನು ತನ್ನ ಆಚಾರದಿಂದ ಬದುಕಿದೆನೆಂದು ಬರೆಯಬಲ್ಲನು. ಅದೇ ಆಚಾರವನ್ನು ಪಾಲಿಸಿ ಸತ್ತವನು ಬರೆಯಲಾರನು. ಇತ್ಸಿಂಗನ ಹಿರಿಮೆಯಿರುವುದು ತಾನು ಬದುಕಿದ ಬಗೆಯನ್ನು ಬರೆದ ಕೈಯಿಂದಲೇ ಅವರು ಸತ್ತ ಬಗೆಯನ್ನೂ ಬರೆದು, ಎರಡನ್ನೂ ಒಂದೇ ಹಡಗಿನಲ್ಲಿ ಕಳುಹಿಸಿದುದರಲ್ಲಿ.

೬೯೫ರಲ್ಲಿ ಆತನು ಲೋಯಾಂಗ್ ನಗರವನ್ನು ಪ್ರವೇಶಿಸಿದಾಗ ಸಮ್ರಾಜ್ಞಿ ವೂ ತಾನೇ ನಗರದ್ವಾರಕ್ಕೆ ಬಂದು ಎದುರುಗೊಂಡಳು. ಆ ಬಳಿಕ ಆತನು ೫೬ ಗ್ರಂಥಗಳನ್ನು ೨೩೦ ಸಂಪುಟಗಳಲ್ಲಿ ಭಾಷಾಂತರಿಸಿ ೭೧೩ರಲ್ಲಿ ಕಾಲವಾದನು. ಭಾಷಾಂತರಿಸಿದ ಗ್ರಂಥಗಳ ಸಂಖ್ಯೆಯೂ ಚರಿತ್ರೆಯಲ್ಲಿ ಬರೆದ ಭಿಕ್ಷುಗಳ ಸಂಖ್ಯೆಯೂ ಒಂದೇ ಆಗಿರುವುದು ಕಾಕತಾಳೀಯವಿರಬೇಕು. ಆದರೂ ಒಂದನ್ನು ಎಣಿಸುವಾಗ ಇನ್ನೊಂದು ನೆನಪಿಗೆ ಬಾರದೆ ಇರದು. ಚೀನದ ಪುಸ್ತಕಭಂಡಾರಕ್ಕೆ ಬಂದು ಸೇರಿದ ಭಾರವು ಎಷ್ಟು ಹಗುರವಾದ ಗಂಟುಗಳ ಮೇಲೆ, ಎಷ್ಟು ದೇಹಗಳ ಮೇಲೆ ಬಂದಿತೆಂಬುದನ್ನು ಲೆಕ್ಕವಿಟ್ಟವನು ಆತನೊಬ್ಬನೇ.